ಬೆಳ್ಳಿ ಎಮ್ಮೆಗಳಿಗಾಗಿ ಎದ್ದು ನಿಂತ ಸಭೆ

ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದು ಲ್ಯಾಪ್‌ಟಾಪ್ ಮುನಿಸಿಕೊಳ್ಳಬಹುದಿತ್ತು. ಎರಡೂ ಸರಿಯಿದ್ದು, ಸಭಾಗೃಹದ ಸ್ಪೀಕರು ಪಕ್ಕದ ಮದುವೆ ಹಾಲಿನ ಮೈಕಿನ ಜೊತೆ ಅಕ್ರಮ ಸಂಬಂಧ ಬೆಳೆಸಿ, ನನ್ನ ಭಾಷಣ ಯಾರದೋ ಮಂಗಳಾಷ್ಟಕದ ನಡುವೆ ಮೊಳಗಬಹುದಿತ್ತು. ಭಾನುವಾರವಾದ್ದರಿಂದ ಹಳಿ ದುರಸ್ತಿಗೆಂದು ಹಾರ್ಬರ್ ಲೈನಿನಲ್ಲಿ ಮೆಗಾ ಬ್ಲಾಕ್ ಹಾಕಿ, ಲೋಕಲ್ ರೈಲು ನಿಂತು, ಒಬ್ಬರೂ ಬಾರದೆ ಹೋಗಬಹುದಿತ್ತು. ಅದಕ್ಕಿಂತ ಭಯಂಕರವೆಂದರೆ, ಎಲ್ಲರೂ ಬಂದುಬಿಡಬಹುದಿತ್ತು! ಬಂದವರಲ್ಲಿ ಯಾರಾದರೂ ಹಾಡಿನ ಅರ್ಥ ಕೇಳಬಹುದಿತ್ತು. ಅರ್ಥ ನನಗೂ ಗೊತ್ತಿಲ್ಲ. ಶಾಲು ಹೊದೆಸುವಾಗ ನನ್ನ ಕನ್ನಡಕ ಬಿದ್ದು ಅಧ್ಯಕ್ಷರ ಕಾಲ ಕೆಳಗೆ ಪುಡಿಯಾಗಬಹುದಿತ್ತು. ಅಧ್ಯಕ್ಷರು ವಾಡಿಕೆಯಂತೆ ವೇದಿಕೆಯ ಮೇಲೆ ನಿದ್ದೆ ಹೋಗಿ, ಅವರ ಗೊರಕೆ ಮೈಕಿನಲ್ಲಿ ಹೊರಟು, ಅದೇ ರಾಕ್ ಸಂಗೀತವೆಂದು ಸಭಿಕರು ಚಪ್ಪಾಳೆ ತಟ್ಟಬಹುದಿತ್ತು.

ಇದೆಲ್ಲವನ್ನೂ ನಾನು ಮುಂಚಿತವಾಗಿ ಯೋಚಿಸಿಟ್ಟಿದ್ದೆ. ಯೋಚಿಸಿಟ್ಟ ಅನಾಹುತ ನಡೆಯುವುದಿಲ್ಲ ಎಂಬುದು ನನ್ನ ಗಾಢವಾದ ನಂಬಿಕೆ. ಅನಾಹುತಗಳಿಗೆ ಸ್ವಾಭಿಮಾನ ಜಾಸ್ತಿ. ಬರುವ ಮೊದಲೇ ಗುರುತಿಸಿಬಿಟ್ಟರೆ ಬರಲು ನಾಚಿಕೊಳ್ಳುತ್ತವೆ. ನಾನು ಮುಂಬಯಿಯ ಫೋರ್ಟ್‌ನ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವನು. ಜಗತ್ತಿನಲ್ಲಿ ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ. ಆ ಕೆಲಸವನ್ನು ಮನೆಗೂ ತಂದು, ಓವರ್‌ಟೈಮ್ ಕೇಳದೆ ಮಾಡುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಒಂದು ರಾಕ್ ಬ್ಯಾಂಡಿನ ಮೇಲೆ ಪ್ರೀತಿ. ಅದರ ಹೆಸರು ಸಿಲ್ವರ್ ಬಫೆಲೋಸ್. ನೀವು ಕೇಳಿಲ್ಲ. ಸಂಕೋಚ ಬೇಡ, ಯಾರೂ ಕೇಳಿಲ್ಲ. ಯಾವುದೋ ಚಳಿ ದೇಶದ ಐದು ಜನ ದಪ್ಪ ಗಂಡಸರು. ಬೆಳ್ಳಿ ಬಣ್ಣದ ಬಿಗಿ ಪ್ಯಾಂಟು, ತಲೆಗೆ ಎರಡು ಕೋಡಿನ ಟೋಪಿ. ಡ್ರಮ್ಮಿನ ಪಕ್ಕದಲ್ಲಿ ಒಂದು ಹಾಲಿನ ಕ್ಯಾನು ಇಟ್ಟುಕೊಂಡು ಅದನ್ನೂ ಬಾರಿಸುತ್ತಾರೆ. ಹಾಡುವುದು ಇಂಗ್ಲಿಷಿನಲ್ಲಿ ಎಂದು ಕ್ಯಾಸೆಟ್ಟಿನ ಮೇಲೆ ಬರೆದಿದೆ. ಬರೆಯದಿದ್ದರೆ ಗೊತ್ತಾಗುತ್ತಿರಲಿಲ್ಲ.

ನಾನು ಮುಂಬಯಿಗೆ ಬಂದ ಹೊಸತರಲ್ಲಿ ಫೋರ್ಟಿನ ಫುಟ್‌ಪಾತಿನಲ್ಲಿ ಒಂದು ಛತ್ರಿ ಕೊಂಡೆ. ಚೌಕಾಸಿ ಮಾಡಿ ಮಾಡಿ ಮಾರುವವನಿಗೆ ಸಾಕಾಗಿ, "ಯೇ ಭೀ ಲೇ ಜಾವ್, ಮಗರ್ ಜಾವ್!" ಎಂದು ಒಂದು ಕ್ಯಾಸೆಟ್ಟನ್ನು ಕೊಸರು ಕೊಟ್ಟ. ಛತ್ರಿ ಮೊದಲ ಮಳೆಗೇ ಮುರಿಯಿತು. ಕ್ಯಾಸೆಟ್ಟು ಉಳಿಯಿತು. ಆಗ ವಡಾಲದಲ್ಲಿ ನಾವು ಕೆಲವರು ಬ್ರಹ್ಮಚಾರಿಗಳು ಒಂದೇ ಖೋಲಿಯಲ್ಲಿದ್ದೆವು. ಕೆಲಸ ಖಾಯಂ ಆಗುತ್ತದೋ ಇಲ್ಲವೋ, ಊರಿನಲ್ಲಿ ಅಮ್ಮನಿಗೆ ಕೆಮ್ಮು ನಿಂತಿತೋ ಇಲ್ಲವೋ, ಲೋಕಲ್‌ನಿಂದ ಬೀಳುತ್ತೇನೋ ಇಲ್ಲವೋ, ಚಿಂತೆಗೆ ಬರವಿರಲಿಲ್ಲ. ಆ ಐದು ಜನ ಎಮ್ಮೆಯಂತೆ ಕೂಗಲು ಶುರು ಮಾಡಿದರೆ ಮಾತ್ರ ನನ್ನ ತಲೆ ಖಾಲಿಯಾಗುತ್ತಿತ್ತು. ಅಷ್ಟು ಗಂಡಸರು, ಅಷ್ಟು ಹೊಟ್ಟೆ, ಅಂಥ ಪ್ಯಾಂಟು, ಆದರೂ ನೋಡಿದವರು ಏನೆಂದುಕೊಂಡಾರು ಎಂಬ ಯೋಚನೆ ಅವರ ಹತ್ತಿರವೂ ಸುಳಿದಿಲ್ಲ! ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ಯೋಚಿಸುವ ನನ್ನಂಥವನಿಗೆ ಅವರು ಗುರುಸಮಾನರಾಗಿ ಕಂಡರು.

ಆದರೆ ಗುರುಗಳಿಗೆ ನನ್ನ ಮನೆಯಲ್ಲಿ ಮರ್ಯಾದೆ ಇಲ್ಲ. ನನ್ನ ಹೆಂಡತಿ ಸುಧಾ ಅವರನ್ನು ಕರೆಯುವುದು 'ನಿಮ್ಮ ಎಮ್ಮೆಗಳು' ಎಂದು. ಕಾಲೇಜಿಗೆ ಹೋಗುವ ಮಗಳು ಮೇಘನಾ ಸಂಗೀತ ಬಲ್ಲವಳು. ಕಿವಿಗೆ ಸದಾ ಏನಾದರೊಂದು ಸಿಕ್ಕಿಸಿಕೊಂಡಿರುತ್ತಾಳೆ. ಅವಳ ಅಭಿಪ್ರಾಯ ಇನ್ನೂ ಕಠಿಣ.

"ಅಪ್ಪಾ, ದಿಸ್ ಈಸ್ ನಾಟ್ ರಾಕ್. ಯೇ ತೋ ಕಾರ್ಟೂನ್ ಹೈ. ನನ್ನ ಫ್ರೆಂಡ್ಸ್ ಬಂದಾಗ ಪ್ಲೀಸ್ ಹಾಕಬೇಡ, ಹಾಂ?"

ಇಷ್ಟು ವರ್ಷ ಈ ಅವಮಾನವನ್ನು ನಾನು ಸಹಿಸಿಕೊಂಡೇ ಇದ್ದೆ. ಅಷ್ಟರಲ್ಲಿ ನಮ್ಮ ವಡಾಲದ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟುವವರೆಗೆ ಎಲ್ಲರೂ ಬೇರೆ ಕಡೆ ಬಾಡಿಗೆಗೆ ಇರಬೇಕು. ನಮಗೆ ದಹಿಸರ್‌ನಲ್ಲಿ ಒಂದು ಮನೆ ಸಿಕ್ಕಿತು. ಹುಡುಕಿಕೊಟ್ಟವರು ಗಿರಿಜಕ್ಕ. ಮಂಡ್ಯದ ಕಡೆಯವರು, ಕನ್ನಡ ಸಂಘದ ಹಳೆಯ ಸದಸ್ಯೆ, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವವರು. ಅವರ ಎದುರು ಬಾಗಿಲಿನ ಮನೆಯೇ ನಮ್ಮದು. ಎಲ್ಲ ಚೆನ್ನಾಗಿತ್ತು, ಮನೆ ಮಾತ್ರ ಚಿಕ್ಕದು. ಹಾಲ್‌ನಲ್ಲಿ ಸೋಫಾ ಇಟ್ಟರೆ ಮನುಷ್ಯರು ಹೊರಗಿರಬೇಕು.

ಸುಧಾ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಸಾಮಾನುಗಳ ಜಾತಕ ಬರೆಯಲು ನಿಂತಳು. ನನ್ನ ಟ್ರಂಕಿನ ಮುಂದೆ ಬಂದಳು. ಅದರಲ್ಲಿ ಬಫೆಲೋಗಳ ಕ್ಯಾಸೆಟ್ಟು, ಪೋಸ್ಟರು, ಪರದೆಯ ಬಟ್ಟೆ ಮಿಕ್ಕಿದ್ದರಲ್ಲಿ ನಾನು ದರ್ಜಿಗೆ ಕೊಟ್ಟು ಹೊಲಿಸಿದ್ದ ಬೆಳ್ಳಿ ಬಣ್ಣದ ವೇಸ್ಟ್‌ಕೋಟು. ಟ್ರಂಕಿನ ಅಕ್ಕಪಕ್ಕ ದ್ವಾರಪಾಲಕರಂತೆ ಎರಡು ದೊಡ್ಡ ಸ್ಪೀಕರು.

"ಇದು ರದ್ದಿಗೆ," ಎಂದಳು.

"ಸುಧಾ, ಇದು ಕಲೆ!"

"ನನ್ನ ಹೊಲಿಗೆ ಮಷೀನೇ ತಮ್ಮನ ಮನೆಗೆ ಕಳಿಸ್ತಾ ಇದೀನಿ ಕಣ್ರೀ. ನಿಮ್ಮ ಎಮ್ಮೆಗಳಿಗೆ ಎಲ್ಲಿ ಕೊಟ್ಟಿಗೆ ಕಟ್ಟಲಿ?"

"ಕೇಳುವವರಿಗೆ ಗೊತ್ತು ಇದರ ಬೆಲೆ."

"ಯಾರಿಗೆ ಗೊತ್ತು? ಈ ಮುಂಬೈಲಿ ನಿಮ್ಮನ್ನ ಬಿಟ್ಟು ಒಬ್ಬರನ್ನ ತೋರಿಸಿ. ಒಬ್ಬರೇ ಒಬ್ಬರು ಎದ್ದು ನಿಂತು, ಇದು ಚೆನ್ನಾಗಿದೆ ಅಂತ ಮನಸಾರೆ ಹೇಳಲಿ. ಟ್ರಂಕು ನಾನೇ ತಲೆ ಮೇಲೆ ಹೊತ್ಕೊಂಡು ದಹಿಸರ್‌ಗೆ ತರ್ತೀನಿ!"

ಅವಳು ಇದನ್ನು ಹೇಳಿದ್ದು ರದ್ದಿಯವನು ಮುಂದಿನ ವಾರ ಬರುತ್ತಾನೆಂಬ ಧೈರ್ಯದಿಂದ. ಆದರೆ ಮುಂದಿನ ಭಾನುವಾರವೇ ನಮ್ಮ ಕನ್ನಡ ಸಂಘದಲ್ಲಿ 'ಸದಸ್ಯರ ಮಾತು' ಇತ್ತು. ತಿಂಗಳಿಗೊಮ್ಮೆ ಒಬ್ಬ ಸದಸ್ಯ ತನಗೆ ಪ್ರಿಯವಾದ ವಿಷಯದ ಮೇಲೆ ಮಾತನಾಡಬೇಕು, ಉಳಿದವರು ಉಪಾಹಾರದ ವಾಸನೆಯನ್ನು ಆಘ್ರಾಣಿಸುತ್ತ ಕೇಳಬೇಕು. ಹಿಂದಿನ ತಿಂಗಳು ಒಬ್ಬರು ತಮ್ಮ ಸಕ್ಕರೆ ಕಾಯಿಲೆಯ ಬಗ್ಗೆ ಎಷ್ಟು ಪ್ರೀತಿಯಿಂದ ಮಾತನಾಡಿದರೆಂದರೆ, ಕೇಳಿದವರಿಗೆ ತಮಗೂ ಇರಬಾರದಿತ್ತೇ ಎನ್ನಿಸಿತು. ಅದಕ್ಕಿಂತ ನನ್ನ ಬಫೆಲೋಗಳು ಕಡಿಮೆಯೇ? ನಾನು ಕಾರ್ಯದರ್ಶಿ ಶೆಟ್ಟರಿಗೆ ಫೋನು ಮಾಡಿ ಹೆಸರು ಕೊಟ್ಟೆ.

ಶೆಟ್ಟರು ಕ್ಯಾಟರಿಂಗ್ ಉದ್ಯಮಿ. ಸಂಘದ ಉಪಾಹಾರ, ಹೂವು, ದೀಪ, ಕುರ್ಚಿ ಎಲ್ಲವೂ ಅವರ ಉಸ್ತುವಾರಿ.

"ಬ್ಯಾಂಡಾ? ಮದುವೆ ದಿಬ್ಬಣದ್ದಾ ಮಾರಾಯ್ರೆ?"

"ಅಲ್ಲ ಶೆಟ್ರೆ, ರಾಕ್ ಬ್ಯಾಂಡು. ಸಿಲ್ವರ್ ಬಫೆಲೋಸ್ ಅಂತ."

"ಹಾಗಾ. ಆಯ್ತು. ಮಾತು ಉದ್ದ ಮಾಡ್ಬೇಡಿ. ಗೋಳಿಬಜೆ ತಣ್ಣಗಾದ್ರೆ ಜನ ನನ್ನನ್ನ ಬೈತಾರೆ."

ಅಧ್ಯಕ್ಷರಾದ ಪಾಟೀಲರು ವಿಜಯಪುರದ ಕಡೆಯವರು. ಕಟ್ಟಡದ ಕಂತ್ರಾಟು ಮಾಡಿ ನಿವೃತ್ತರಾದವರು, ದೊಡ್ಡ ಮನಸ್ಸಿನವರು. ಸಂಜೆ ಅವರ ಫೋನು ಬಂತು.

"ಶ್ರೀಪತಿಯವರ, ಎಮ್ಮಿ ಮ್ಯಾಲೆ ಮಾತಾಡ್ತೀರಂತ? ಛಲೋ ಆತು ಬಿಡ್ರಿ. ಹೈನುಗಾರಿಕಿ ಬಗ್ಗೆ ನಮ್ಮ ಸಂಘದಾಗ ಇಲ್ಲೀಮಟ ಯಾರೂ ಬಾಯಿ ಬಿಟ್ಟಿದ್ದಿಲ್ಲ."

ಅದು ಹೈನುಗಾರಿಕೆಯಲ್ಲ, ಸಂಗೀತ ಎಂದು ಬಿಡಿಸಿ ಹೇಳಿದೆ. "ಇರ್ಲಿ ತಗೋರಿ. ಎಲ್ಲಾರಿಗೂ ಒಂದೊಂದು ಇರ್ತಾವ," ಎಂದರು. ನನಗೆ ಬಿ.ಪಿ. ಇದೆ ಎಂದು ತಿಳಿದವರು ಮಾತನಾಡುವ ಧ್ವನಿಯಲ್ಲಿ.

ತಯಾರಿ ಶುರು ಮಾಡಿದೆ. ಚಿಂತೆಯೇ ವೃತ್ತಿಯಾದವನ ತಯಾರಿ ಹೇಗಿರುತ್ತದೆ ಎಂದರೆ, ಪ್ರತಿಯೊಂದು ಅಪಾಯವನ್ನು ತಪ್ಪಿಸಲು ಅವನು ಒಂದೊಂದು ಏರ್ಪಾಡು ಮಾಡುತ್ತಾನೆ. ಆಮೇಲೆ ಆ ಏರ್ಪಾಡುಗಳೆಲ್ಲ ಸೇರಿ ಒಂದು ಅಪಾಯವಾಗುತ್ತವೆ.

ಮೊದಲನೆಯದಾಗಿ ಉಡುಪು. ರಾಕ್ ಬ್ಯಾಂಡ್ ಎಂದ ಕೂಡಲೇ ಜನ ನನ್ನನ್ನು ಹಗುರವಾಗಿ ಕಾಣಬಾರದು ಎಂದು ಬಿಳಿ ಪಂಚೆ, ಬಿಳಿ ಜುಬ್ಬಾ ತೊಟ್ಟೆ. ಗಂಭೀರವಾಗಿ ಕಾಣುತ್ತಿತ್ತು. ಆಮೇಲೆ ಹಾಡಿನ ಆಯ್ಕೆ. ಸಭೆಗೆ ಬರುವವರಲ್ಲಿ ಹಿರಿಯರೇ ಹೆಚ್ಚು. ಕೆಲವರ ಎದೆಯಲ್ಲಿ ಸ್ಟೆಂಟು, ಒಬ್ಬರ ಎದೆಯಲ್ಲಿ ಪೇಸ್‌ಮೇಕರು. ಸಟ್ಟನೆ ಡ್ರಮ್ಮು ಬಡಿದು ಯಾರಿಗಾದರೂ ಏನಾದರೂ ಆದರೆ? ಅದಕ್ಕಾಗಿ, ಬಹಳ ನಿಧಾನವಾಗಿ, ಹಾರ್ಮೋನಿಯಂನಂಥ ವಾದ್ಯದ ಶೋಕಗಂಭೀರ ಆಲಾಪದಿಂದ ಶುರುವಾಗುವ ಹಾಡನ್ನೇ ಆರಿಸಿದೆ. ಮುಂದೆ ಅದರಲ್ಲೂ ಎಲ್ಲ ಬರುತ್ತದೆ, ಹಾಲಿನ ಕ್ಯಾನು ಸಹಿತ. ಆದರೆ ಹಂತ ಹಂತವಾಗಿ ಬರುತ್ತದೆ.

ಕೊನೆಯದು ಫೋಟೊ. ಇದನ್ನು ಸ್ವಲ್ಪ ವಿವರಿಸಬೇಕು. ಬಫೆಲೋಗಳ ಡ್ರಮ್ಮರು ಬಾರ್ನಿ ಎಂಬುವನು ಕೆಲವು ತಿಂಗಳ ಹಿಂದೆ ತೀರಿಕೊಂಡಿದ್ದ. ಹಾಲಿನ ಕ್ಯಾನು ಬಾರಿಸುತ್ತಿದ್ದವನು ಅವನೇ. ನನಗೆ ಗೊತ್ತಾದದ್ದು ವಡಾಲ ಸ್ಟೇಷನ್ ಬಿಟ್ಟ ಲೋಕಲ್‌ನಲ್ಲಿ, ಮೊಬೈಲು ನೋಡುತ್ತಿದ್ದಾಗ. ಸುತ್ತ ಅಷ್ಟು ಜನ ಒತ್ತಿಕೊಂಡು ನಿಂತಿದ್ದರು, ಹೇಳಲು ಒಬ್ಬರಿಲ್ಲ. ಆಫೀಸಿನಲ್ಲಿ ಹೇಳಿದೆ. "ಕೌನ್?" ಎಂದರು. ಮನೆಗೆ ಬಂದು ಹೇಳಿದೆ. ಸುಧಾ "ಅಯ್ಯೋ ಪಾಪ" ಎಂದು, ಒಂದು ಕ್ಷಣ ಬಿಟ್ಟು, "ಗ್ಯಾಸಿನವನು ಬಂದಿದ್ನಾ?" ಎಂದಳು. ಅವಳದು ತಪ್ಪಲ್ಲ. ಹೆಸರೂ ಸರಿಯಾಗಿ ಗೊತ್ತಿಲ್ಲದ ಊರಿನ, ಕೋಡಿನ ಟೋಪಿಯ ಮನುಷ್ಯನಿಗಾಗಿ ವಡಾಲದ ಮನೆಯಲ್ಲಿ ಎಷ್ಟು ಹೊತ್ತು ದುಃಖಿಸಲು ಸಾಧ್ಯ? ಆದರೂ ನನ್ನೊಳಗೆ ಒಂದು ಮೂಲೆಯಲ್ಲಿ ಅದು ಹಾಗೆಯೇ ಉಳಿದಿತ್ತು. ಹಾಗಾಗಿ ಅವನ ಚಿತ್ರವನ್ನು ದೊಡ್ಡದು ಮಾಡಿಸಿ, ಫ್ರೇಮು ಹಾಕಿಸಿ, ಸಭಿಕರಿಗೆ ಕಾಣಲೆಂದು ವೇದಿಕೆಯ ಮೇಜಿನ ಮೇಲೆ ಇಟ್ಟೆ. ಕೋಡು ಟೋಪಿ, ಹೊರಚಾಚಿದ ನಾಲಗೆ, ಒಂದು ಕಣ್ಣು ಮುಚ್ಚಿದ ತುಂಟ ಮುಖ.

ಚಹಾ ಕುಡಿದು ಬರುವಷ್ಟರಲ್ಲಿ ಬಾರ್ನಿಯ ಕೊರಳಿಗೆ ಸೇವಂತಿಗೆ ಹಾರ ಬಿದ್ದಿತ್ತು. ಮುಂದೆ ದೀಪ. ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಹೊಗೆ ಅವನ ನಾಲಗೆಯ ಸುತ್ತ ಸುಳಿಯುತ್ತಿತ್ತು.

"ಶೆಟ್ರೆ, ಇದು ಯಾಕೆ?"

"ಫೋಟೊ ಅಂದ್ಮೇಲೆ ಹಾರ ಬೇಡ್ವಾ ಮಾರಾಯ್ರೆ? ಬರೀ ಫೋಟೊ ಇಟ್ರೆ ನೋಡ್ಲಿಕ್ಕೆ ಎಂಥ ಚೆಂದ? ಒಂದು ಹಾರ ಹೆಚ್ಚಿಗೆ ಇತ್ತು, ಹಾಕಿದೆ."

ತೆಗೆಸೋಣವೆಂದುಕೊಂಡೆ. ಆದರೆ ಹಾಕಿದ ಹಾರ ತೆಗೆಯುವುದು ಅಪಶಕುನವಲ್ಲವೇ? ಅಲ್ಲದೆ, ಸಿಲ್ವರ್ ಬಫೆಲೋಗಳಿಗೆ ಈ ಭೂಮಿಯ ಮೇಲೆ ಯಾರಾದರೂ ಹಾರ ಹಾಕಿದ್ದುಂಟೇ? ಇರಲಿ ಎಂದು ಬಿಟ್ಟೆ.

ಸಭೆ ತುಂಬಿತು. ಸುಧಾ ಮೂರನೆಯ ಸಾಲಿನಲ್ಲಿ ಗಿರಿಜಕ್ಕನ ಪಕ್ಕ ಕುಳಿತಳು. ಮೇಘನಾ ಹಿಂದೆ, ಲ್ಯಾಪ್‌ಟಾಪಿನ ಮುಂದೆ. ನಾನು ಕೈ ಎತ್ತಿದಾಗ ಅವಳು ಹಾಡು ಹಾಕಬೇಕು ಎಂದು ಮಾತಾಗಿತ್ತು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಶಾಲು ಬಂತು, ಕನ್ನಡಕ ಉಳಿಯಿತು. ನಾನು ಮೈಕಿನ ಮುಂದೆ ನಿಂತೆ. ಎಷ್ಟೋ ವರ್ಷಗಳ ಮಾತು ಒಳಗೇ ಕೊಳೆತು ಗೊಬ್ಬರವಾಗಿತ್ತೋ ಏನೋ, ಚೆನ್ನಾಗಿ ಬೆಳೆ ಬಂತು. ಜನ ನಗುವಂಥ ಬಟ್ಟೆ ತೊಟ್ಟು, ಯಾರಿಗೂ ಹೆದರದೆ, ತಮಗೆ ಖುಷಿಯಾಗುವ ಸದ್ದನ್ನು ಜೀವನವಿಡೀ ಮಾಡಿದವರ ಬಗ್ಗೆ ಹೇಳಿದೆ. ಧ್ವನಿ ಸ್ವಲ್ಪ ನಡುಗಿತು. ಫೋಟೊದ ಕಡೆ ಕೈ ತೋರಿಸಿ ಹೇಳಿದೆ:

"ಇವರಲ್ಲಿ ಬಾರ್ನಿ ಈಚೆಗೆ ತೀರಿಕೊಂಡರು. ಅವರು ಬಾರಿಸಿದ ಒಂದು ಹಾಡನ್ನು ಈಗ ಕೇಳೋಣ."

ಕೈ ಎತ್ತಿದೆ.

ಇಲ್ಲಿ ನಮ್ಮ ಸಂಘದ ಒಂದು ಪದ್ಧತಿಯನ್ನು ತಿಳಿಸಬೇಕು. ಸದಸ್ಯರೆಲ್ಲ ವಯಸ್ಸಾದವರಾದ್ದರಿಂದ ಪ್ರತಿ ಸಭೆಯಲ್ಲೂ ಯಾರಾದರೊಬ್ಬರಿಗೆ ಮೌನ ಶ್ರದ್ಧಾಂಜಲಿ ಇದ್ದೇ ಇರುತ್ತದೆ. ಎಷ್ಟು ಅಭ್ಯಾಸವಾಗಿದೆಯೆಂದರೆ, ಮೈಕಿನಲ್ಲಿ 'ತೀರಿಕೊಂಡರು' ಎಂಬ ಪದ ಬಿದ್ದರೆ ಸಾಕು, ಮೊಣಕಾಲುಗಳು ತಾವಾಗಿಯೇ ನೆಟ್ಟಗಾಗುತ್ತವೆ. ಯಾರು, ಯಾವ ಊರು, ಯಾವ ಜಾತಿ ಕೇಳುವುದಿಲ್ಲ. ಈಚೆಗೆ ಶೋಕಸಂಗೀತ ಹಾಕುವುದೂ ರೂಢಿಯಾಗಿದೆ. ಎದುರಿಗೆ ಹಾರ ಹಾಕಿದ ಫೋಟೊ, ಊದುಬತ್ತಿ, ಬಿಳಿ ಬಟ್ಟೆ ತೊಟ್ಟು ಗದ್ಗದಿತನಾದ ನಾನು. ಹಾರ್ಮೋನಿಯಂನಂಥ ಆ ಆಲಾಪ ಶುರುವಾಯಿತು.

ಮೊದಲು ಎದ್ದವರು ಗಿರಿಜಕ್ಕ. ಆಮೇಲೆ ಮುಂದಿನ ಸಾಲು. ಕುರ್ಚಿಗಳ ಕಿರ್ರೆಂಬ ಸದ್ದಿನೊಂದಿಗೆ ಇಡೀ ಸಭೆ ಎದ್ದು, ಕೈಕಟ್ಟಿ, ತಲೆ ತಗ್ಗಿಸಿ ನಿಂತಿತು. ಅಧ್ಯಕ್ಷ ಪಾಟೀಲರು ನಿದ್ದೆಯಿಂದ ಎಚ್ಚರಾಗಿ, ಪರಿಸ್ಥಿತಿಯನ್ನು ಗ್ರಹಿಸಿ, ಟೋಪಿ ತೆಗೆದು ನಿಂತರು.

ತಡೆಯಬೇಕೆಂದು ನನಗೆ ಅನ್ನಿಸಲೇ ಇಲ್ಲ. ಸುಳ್ಳೇಕೆ ಹೇಳಲಿ? ಲೋಕಲ್‌ನಲ್ಲಿ ಒಬ್ಬನೇ ನುಂಗಿಕೊಂಡಿದ್ದೆನಲ್ಲ, ಅದಕ್ಕೆ ಇಷ್ಟು ಜನ ಜೊತೆಯಾಗಿದ್ದರು. ಬಾರ್ನಿ, ನೋಡಪ್ಪ, ನಮ್ಮವರು ನಿನಗಾಗಿ ಎದ್ದಿದ್ದಾರೆ!

ಅಷ್ಟರಲ್ಲಿ ಡ್ರಮ್ಮು ಬಂತು. ಹಿಂದೆಯೇ ಹಾಲಿನ ಕ್ಯಾನು. ಢಣ್! ಢಣ್! ಕೆಲವು ತಲೆಗಳು ಸ್ವಲ್ಪ ಮೇಲೆದ್ದು ಮತ್ತೆ ತಗ್ಗಿದವು. ಪರದೇಶದವರು, ಅವರಲ್ಲಿ ಹೀಗೇ ಇರಬಹುದು. ನಮ್ಮಲ್ಲಿ ಜಾಗಟೆ ಇಲ್ಲವೇ? ಆಮೇಲೆ ಐದೂ ಜನ ಒಟ್ಟಾಗಿ ಎಮ್ಮೆಯಂತೆ ಕೂಗಲು ಶುರು ಮಾಡಿದರು.

"ಅಂಬಾಽಽಽ!"

ನಿಲ್ಲಿಸಲೇ? ಹೇಗೆ ನಿಲ್ಲಿಸುವುದು? ಸತ್ತವರ ಮೌನವನ್ನು ಅರ್ಧಕ್ಕೆ ನಿಲ್ಲಿಸಿದರೆ ಆತ್ಮಕ್ಕೆ ತೊಂದರೆಯಾಗುವುದಿಲ್ಲವೇ? ನಿಲ್ಲಿಸದಿದ್ದರೆ ಸ್ಟೆಂಟಿನವರ ಕಾಲು ನೋಯುವುದಿಲ್ಲವೇ? ನಾನು ಹಿಂದೆ ಕುಳಿತ ಮೇಘನಾಗೆ ಕಣ್ಸನ್ನೆ ಮಾಡಲು ನೋಡಿದೆ. ಮೇಘನಾ ಕುರ್ಚಿಯಲ್ಲಿರಲಿಲ್ಲ. ಮೇಜಿನ ಕೆಳಗೆ ಎರಡು ಭುಜಗಳು ಮಾತ್ರ ಕುಲುಕುತ್ತಿದ್ದವು.

ಕಡೆಗೆ ಹಾಡು ನಿಂತಿತು. ಪಾಟೀಲರು ನಿಟ್ಟುಸಿರು ಬಿಟ್ಟು ಮೈಕಿಗೆ ಬಾಗಿದರು. ಮೌನ ಮುಗಿಯುವುದು ಅಧ್ಯಕ್ಷರು ಹೇಳಿದಾಗಲೇ.

"ಓಂ ಶಾಂ..."

ಢಮಾರ್!

ಬಫೆಲೋಗಳ ವೈಶಿಷ್ಟ್ಯವೇ ಅದು. ಹಾಡು ಮುಗಿಯಿತು ಎನ್ನಿಸಿ ಮತ್ತೆ ಎರಗುತ್ತಾರೆ. ಭಾಷಣದಲ್ಲಿ ಇದನ್ನು ವಿಶೇಷವಾಗಿ ಹೊಗಳಬೇಕೆಂದಿದ್ದೆ, ಮರೆತಿದ್ದೆ. ಅರ್ಧ ಕುಳಿತವರು ಮತ್ತೆ ಎದ್ದರು. ಮತ್ತೆ ಕ್ಯಾನು, ಮತ್ತೆ ಅಂಬಾ. ಮತ್ತೆ ನಿಶ್ಶಬ್ದ. ಪಾಟೀಲರು ಈ ಸಲ ಆತುರಪಡಲಿಲ್ಲ. ನನ್ನ ಕಡೆ ನೋಡಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಢಮಾರ್! ಎರಡನೆಯ ಸಾಲಿನ ಹಿರಿಯರೊಬ್ಬರು ಮುಂದಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡು, ಪಕ್ಕದವರ ಕಿವಿಯಲ್ಲಿ, "ದೊಡ್ಡ ಮನುಷ್ಯ ಇರ್ಬೇಕು. ಪ್ರಧಾನಿಗೂ ಇಷ್ಟೊತ್ತು ನಿಂತಿರ್ಲಿಲ್ಲ," ಎಂದರು.

ಕೊನೆಗೂ ಹಾಡು ನಿಜವಾಗಿ ಮುಗಿದಾಗ ಯಾರೂ ನಂಬಲಿಲ್ಲ. ಎಲ್ಲರೂ ಇನ್ನಷ್ಟು ಹೊತ್ತು ನಿಂತೇ ಇದ್ದರು. "ಆತೇನ್ರಿ?" ಎಂದು ಪಾಟೀಲರು ನನ್ನನ್ನು ಕೇಳಿ, ಖಾತ್ರಿ ಮಾಡಿಕೊಂಡು, "ಓಂ ಶಾಂತಿ" ಎಂದರು. ಇಡೀ ಸಭೆ ದೊಪ್ಪೆಂದು ಕುಳಿತುಕೊಂಡಿತು.

ಅಧ್ಯಕ್ಷ ಭಾಷಣದಲ್ಲಿ ಪಾಟೀಲರು ಹೃದಯ ಬಿಚ್ಚಿದರು. "ದಿವಂಗತ ಬಾರ್ನಿಯವರು ನಮ್ಮ ಡೊಳ್ಳು ಬಾರಿಸೋರ ಹಂಗ ಕಂಡ್ರು ನನಗ. ಸಾಯೋಮಟ ಕೈಯಾನ ಕೋಲು ಬಿಡಲಿಲ್ಲ ಅಂದ್ರ ಸಣ್ಣ ಮಾತಲ್ರಿ. ಎಮ್ಮಿ ಮ್ಯಾಲೆ ಎಷ್ಟು ಅಂತಃಕರಣ ಇತ್ತು ಆ ಮನುಷ್ಯಾಗ! ಶ್ರೀಪತಿಯವರು ಆಪ್ತರನ್ನ ಕಳಕೊಂಡಾರ. ಅವರಿಗೆ ಭಗವಂತ ದುಃಖ ತಡಕೊಳ್ಳೋ ಶಕ್ತಿ ಕೊಡ್ಲಿ."

ಜನ ಸಾಲಾಗಿ ಬಂದು ನನ್ನ ಕೈ ಹಿಡಿದು ಮೌನವಾಗಿ ಅದುಮಿ ಹೋದರು. ಒಬ್ಬರು, "ಬಾಡಿ ಇಲ್ಲಿಗೆ ತರಿಸ್ತಾರಾ?" ಎಂದು ಕೇಳಿದರು.

ಅಷ್ಟರಲ್ಲಿ ಅಡುಗೆಮನೆಯ ಕಡೆ ಗದ್ದಲ. ಶೆಟ್ಟರು ಗೋಳಿಬಜೆ ಬಡಿಸಿ, ಕೇಸರಿಭಾತಿನ ಪಾತ್ರೆಗೆ ಮುಚ್ಚಳ ಹಾಕಿ ಟೆಂಪೋಗೆ ವಾಪಸು ಏರಿಸುತ್ತಿದ್ದರು.

"ಶೆಟ್ರೆ, ಸ್ವೀಟು?"

"ಅಷ್ಟು ದೊಡ್ಡ ಶ್ರದ್ಧಾಂಜಲಿ ಆದ್ಮೇಲೆ ಸ್ವೀಟು ಹೇಗೆ ಬಡಿಸೋದು ಮಾರಾಯ್ರೆ? ನನಗೆ ಪಾಪ ಸುತ್ತಿಕೊಳ್ತದೆ."

ಆಗ ಸಭೆಯಲ್ಲಿ ಮೂಡಿದ ದುಃಖ ಮಾತ್ರ ಅಪ್ಪಟವಾಗಿತ್ತು.

ಸುಧಾ ನನ್ನ ಪಕ್ಕಕ್ಕೆ ಬಂದಳು. ನಾನು ಎದೆಯುಬ್ಬಿಸಿ, "ಒಬ್ಬರು ಎದ್ದು ನಿಲ್ಲಲಿ ಅಂದೆಯಲ್ಲ? ಇಡೀ ಸಂಘ ನಿಂತಿತು!" ಎಂದೆ.

"ನಿಂತಿದ್ದು ಸತ್ತವರಿಗೆ. ಹಾಡು ಚೆನ್ನಾಗಿದೆ ಅಂತ ಯಾರು ಹೇಳಿದ್ರು? ಹೆಸರು ಹೇಳಿ."

ನಾನು ಸುತ್ತ ನೋಡಿದೆ. ಎಲ್ಲರೂ ಗೋಳಿಬಜೆಯಲ್ಲಿ ಮಗ್ನರು. ಟ್ರಂಕು ರದ್ದಿಯವನ ತಕ್ಕಡಿಯ ಮೇಲೆ ಕುಳಿತಂತೆ ಕಣ್ಣಿಗೆ ಕಟ್ಟಿತು. ಆಗ ಗಿರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದರು.

"ಶ್ರೀಪತಿ, ತುಂಬ ಚೆನ್ನಾಗಿತ್ತು ಕಣಪ್ಪ."

"ಭಾಷಣವಾ ಅಕ್ಕ?" ಎಂದು ಸುಧಾ ತಟ್ಟನೆ ಕೇಳಿದಳು.

"ಭಾಷಣ ಏನಿತ್ತೋ, ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ಹಾಡು ಕಣೇ. ಎದೆಯೊಳಗೆ ಯಾರೋ ಬಂದು ಗುದ್ದಿದ ಹಾಗಾಯ್ತು. ನಮ್ಮನೆಯವ್ರು ಹೋದಾಗ ಎಲ್ಲ ಬಂದು ಪಿಸುಪಿಸು ಮಾತಾಡಿ ಹೋದ್ರು. ಒಬ್ರಾದ್ರೂ ಹಿಂಗೆ ಬಾಯ್ಬಿಟ್ಟು ಕೂಗಿದ್ರೆ ನಂಗೂ ಕೂಗೋಕೆ ಧೈರ್ಯ ಬರ್ತಿತ್ತು. ಇನ್ನೊಂದ್ಸಲ ಕೇಳ್ಬೇಕು ಅನ್ಸುತ್ತೆ."

ಸುಧಾ ಅವರ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಮನೆಗೆ ಹೋಗುವ ಟ್ಯಾಕ್ಸಿಯಲ್ಲಿ, ಕಿಟಕಿಯ ಕಡೆ ನೋಡುತ್ತ ಹೇಳಿದಳು: "ಟ್ರಂಕು ಬರಲಿ. ಸ್ಪೀಕರೂ ಬರಲಿ. ತಲೆ ಮೇಲೆ ಹೊರೋದು ಮಾತ್ರ ನಿಮ್ಮ ಕೆಲಸ."

ಮುಂದಿನ ಸೀಟಿನಲ್ಲಿದ್ದ ಮೇಘನಾ ತಿರುಗಿ, "ಅಪ್ಪಾ, ದ್ಯಾಟ್ ವಾಸ್ ದಿ ಬೆಸ್ಟ್ ಕಾನ್ಸರ್ಟ್ ಆಫ್ ಮೈ ಲೈಫ್," ಎಂದಳು. ಇದನ್ನು ನಾನು ಹೊಗಳಿಕೆಯೆಂದೇ ಸ್ವೀಕರಿಸಿದ್ದೇನೆ.

ನಾವು ದಹಿಸರ್‌ಗೆ ಬಂದೆವು. ಸಾಮಾನಿನ ಡಬ್ಬಗಳು ಇನ್ನೂ ಗೋಡೆಯೆತ್ತರಕ್ಕೆ ನಿಂತಿದ್ದವು. ನಾನು ಮೊಟ್ಟಮೊದಲು ಸ್ಪೀಕರು ಜೋಡಿಸಿ, ವಿಜಯೋತ್ಸವದ ಅಂಗವಾಗಿ ಅದೇ ಹಾಡನ್ನು ಹಾಕಿದೆ. ಬನಿಯನ್ನಿನ ಮೇಲೆ ಬೆಳ್ಳಿ ವೇಸ್ಟ್‌ಕೋಟು ತೊಟ್ಟು, ಡಬ್ಬಗಳ ನಡುವಿನ ಸಂದಿಯಲ್ಲಿ ಕುಣಿಯತೊಡಗಿದೆ. ನನಗೆ ಕುಣಿಯಲು ಬರುವುದಿಲ್ಲ. ಬಫೆಲೋಗಳಿಗೂ ಬರುವುದಿಲ್ಲ. ಎರಡನೆಯ ಅಂಬಾ ಮುಗಿಯುವಷ್ಟರಲ್ಲಿ ಬೆಲ್ ಆಯಿತು.

ಬಾಗಿಲಲ್ಲಿ ಗಿರಿಜಕ್ಕ. ಕೈಯಲ್ಲಿ ಸ್ಟೀಲ್ ಡಬ್ಬಿ, ಮುಖದಲ್ಲಿ ಗಾಬರಿ. ಅವರಿಗೆ ಕಂಡದ್ದು ಬೆವೆತು, ಏದುಸಿರು ಬಿಡುತ್ತ, ಕಣ್ಣಲ್ಲಿ ನೀರಾಡುತ್ತಿದ್ದ ನಾನು.

"ಹಾಡು ಕೇಳಿಸ್ತು," ಎಂದು ದನಿ ತಗ್ಗಿಸಿದರು. "ಯಾರಪ್ಪಾ?"

"ಅಯ್ಯೋ, ಯಾರೂ ಇಲ್ಲ ಅಕ್ಕ..."

"ಒಳಗೆ ಇಟ್ಕೋಬೇಡ, ಅತ್ತುಬಿಡು. ಸುಧಾ, ಒಲೆ ಹಚ್ಚಬೇಡ ಕಣಮ್ಮ. ಇಂಥ ದಿವಸ ಅಡುಗೆ ಮಾಡ್ಬಾರ್ದು. ನಮ್ಮನೇಲಿ ಆಗಿದ್ದ ಅನ್ನ, ಸೊಪ್ಪಿನ ಸಾರು ತಂದಿದೀನಿ. ಸಂಜೆದೂ ನಂದೇ."

ಸುಧಾ ಬಿಚ್ಚದ ಪಾತ್ರೆಗಳ ಡಬ್ಬವನ್ನು ನೋಡಿದಳು. ಗಿರಿಜಕ್ಕನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇವರ ಕಡೆಯವರು ಅಕ್ಕ. ದೂರದವರು," ಎಂದು ನಿಟ್ಟುಸಿರಿಟ್ಟು ಡಬ್ಬಿ ತೆಗೆದುಕೊಂಡಳು.

ಅದಾದ ಮೇಲೆ ನಿಜ ಹೇಳಲು ನಾನು ಹಲವು ಸಲ ಎದುರು ಮನೆಯ ಬಾಗಿಲವರೆಗೆ ಹೋಗಿ ಬಂದಿದ್ದೇನೆ. ಅಲ್ಲಿ ಗಿರಿಜಕ್ಕ ಹಿಂದಿನ ಡಬ್ಬಿ ಇಸಿದುಕೊಂಡು, "ಸಾರು ಹಿಡಿಸ್ತಾ?" ಎಂದು ಕೇಳುವಾಗ ಅವರ ಮುಖದಲ್ಲಿ ಎಂಥ ಕಳೆ ಇರುತ್ತದೆಂದರೆ, ಹಿಡಿಸಿತು ಎಂದಷ್ಟೇ ಹೇಳಿ ಬರುತ್ತೇನೆ. ಸಂಘದವರೂ ಸುಮ್ಮನಿಲ್ಲ. ಮೊನ್ನೆ ಹಳೆಯ ಸದಸ್ಯರೊಬ್ಬರು ಹೋದಾಗ ಪಾಟೀಲರು ಫೋನು ಮಾಡಿ, "ಆ ಎಮ್ಮಿ ಹಾಡು ತಗೊಂಡು ಬರ್ರಿ. ಮನಿಯವರೇ ಕೇಳ್ಯಾರ," ಎಂದರು.

ಸುಧಾಳಂತೂ ಈಗ ಬಫೆಲೋಗಳ ಪಕ್ಷ. ಈ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಸೋಫಾದಲ್ಲಿ ಕಾಲು ಚಾಚಿಕೊಂಡು, "ರೀ, ಇವತ್ತು ಅಡುಗೆ ಮಾಡೋಕೆ ಬೇಜಾರು. ಸ್ವಲ್ಪ ನಿಮ್ಮ ಎಮ್ಮೆ ಹಾಕಿ," ಎಂದಳು.

ಹಾಕಿದೆ. ಟ್ರಂಕು ಉಳಿಯಿತು, ಸ್ಪೀಕರು ಉಳಿದವು, ಮಧ್ಯಾಹ್ನದ ಊಟವೂ ಬರುವುದರಲ್ಲಿತ್ತು. ಇಷ್ಟೆಲ್ಲ ಒಳ್ಳೆಯದಾದ ಮೇಲೆ ಗೊಣಗಬಾರದು. ಕೆಟ್ಟದ್ದು ಒಂದೇ, ಅದೂ ತೀರ ಸಣ್ಣದು. ಆ ಹಾಡು ಬಂದಾಗ ಈಗ ನಾನು ಕುಣಿಯುವಂತಿಲ್ಲ. ಕೈಕಟ್ಟಿಕೊಂಡು ಬಾಗಿಲ ಬಳಿ ನಿಂತಿರುತ್ತೇನೆ. ಸಾವಿನ ಮನೆಯ ಯಜಮಾನ ಕುಣಿಯುತ್ತಿದ್ದರೆ ನೋಡಿದವರು ಏನೆಂದುಕೊಂಡಾರು?